ಆಮಂತ್ರಣದ ಮೇಲಿನ ಮರ

ಸಂಘದ ಸ್ಮರಣ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕೇಳಿದ್ದಾರೆ. ಮಾದರಿಗೆಂದು ಹಿಂದಿನ ಸಂಚಿಕೆಗಳಿಂದ ಮೂರು ಬರಹಗಳನ್ನೂ ಕಳಿಸಿದ್ದಾರೆ. ಮೂರರಲ್ಲೂ ತೀರಿಕೊಂಡವರು ಸರಳರು, ಸಜ್ಜನರು, ಸದಾ ಹಸನ್ಮುಖಿಗಳು. ಅಡಿಲೇಡಿನ ಕನ್ನಡಿಗರಲ್ಲಿ ಸಿಡುಕಿನವರು ಸಾಯುವುದೇ ಇಲ್ಲವೆಂದು ಕಾಣುತ್ತದೆ.

ನಾನು ಬರೆಯಬೇಕಾದ ಮನುಷ್ಯ ಹಸನ್ಮುಖಿಯಾಗಿರಲಿಲ್ಲ. ಹೇಳಿದ ವೇಳೆಗೆ ಒಮ್ಮೆಯೂ ಬಂದವರಲ್ಲ. ತೆರೆದ ಡಬ್ಬಿಯ ಮುಚ್ಚಳ ಮುಚ್ಚುತ್ತಿರಲಿಲ್ಲ, ತೆಗೆದುಕೊಂಡು ಹೋದ ಪಾತ್ರೆಯನ್ನು ವಾಪಸು ತರುತ್ತಿರಲಿಲ್ಲ, ತಂದರೂ ಪೂರ್ತಿ ತರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮನೆಯವರ ಮುಖಕ್ಕಿಂತ ಮೊದಲು ಗೋಡೆಯ ಕ್ಯಾಲೆಂಡರನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದರು. ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಾಗಬೇಕೆಂದೇ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಸಾಲು ಸಾಕು. ಮೈಸೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿ ಮೇಟ್ರನ್ ಆಗಿ ನಿವೃತ್ತಳಾದೆ. ಈಗ ಮಾಸನ್ ಲೇಕ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಐದಕ್ಕೆ ಏಳುತ್ತೇನೆ, ಆರಕ್ಕೆ ಕೆರೆ ಸುತ್ತಿ ಬರುತ್ತೇನೆ, ಏಳಕ್ಕೆ ತಿಂಡಿ. ಸಂಘದ ದಸರಾ ಗೊಂಬೆ ಸಮಿತಿಗೆ ಅಧ್ಯಕ್ಷೆಯಾಗಿ ಆರು ವರ್ಷ ಇದ್ದೆ. ನಾನು ಬರುವ ಮೊದಲು ಆ ಸಮಿತಿಗೆ ಒಂದು ರಿಜಿಸ್ಟರ್ ಕೂಡ ಇರಲಿಲ್ಲ.

ಅವರನ್ನು ಮೊದಲು ನೋಡಿದ್ದು ಆ ಸಮಿತಿಯ ಸಭೆಯಲ್ಲಿ, ನಮ್ಮ ಗ್ಯಾರೇಜಿನಲ್ಲಿ. ನಾಲ್ಕು ಗಂಟೆಯ ಸಭೆಗೆ ನಾಲ್ಕು ಐವತ್ತಕ್ಕೆ ಬಂದರು. ಬ್ಲೇರ್ ಅಥಾಲ್‌ನ ಮಗನ ಮನೆಯಿಂದ ಬಸ್ಸು ಹತ್ತಿ, ಯಾವುದೋ ಅಂಗಡಿಯ ಬೋರ್ಡು ನೋಡಲು ನಡುವೆ ಇಳಿದುಬಿಟ್ಟರಂತೆ. ಮೈಮೇಲೆ ಮಗನ ಹಳೆಯ ಕ್ರಿಕೆಟ್ ಜಾಕೆಟ್ಟು, ಹೆಗಲಿಗೆ ಮೈಸೂರಿನ ಸೀರೆ ಅಂಗಡಿಯ ಬಟ್ಟೆ ಚೀಲ. ಕುಳಿತವರೇ ಚೀಲದಿಂದ ಭೂತಗನ್ನಡಿ ತೆಗೆದು ನಾನು ಕೊಟ್ಟ ಕಾಫಿ ಕಪ್ಪಿನ ಹೂವಿನ ಚಿತ್ರವನ್ನು ಪರೀಕ್ಷಿಸತೊಡಗಿದರು.

"ನಾಲ್ಕು ಗಂಟೆ ಅಂತ ಹೇಳಿದ್ದೆ," ಎಂದೆ.

"ಹೌದು ಸಿಸ್ಟರ್, ಹೇಳಿದ್ರಿ." ಅಷ್ಟೇ. ಕ್ಷಮೆಯಿಲ್ಲ, ಕಾರಣವಿಲ್ಲ.

"ನಾನು ಸಿಸ್ಟರ್ ಅಂತ ಯಾರು ಹೇಳಿದ್ರು?"

"ಒಂದ್ಸಲ ಕೈ ಮೇಲೆ ಆಸಿಡ್ ಚೆಲ್ಕೊಂಡು ನಿಮ್ಮ ವಾರ್ಡಿಗೆ ಬಂದಿದ್ದೆ. ನೀವೇ ಡ್ರೆಸಿಂಗ್ ಮಾಡಿದ್ದು. ಚೆನ್ನಾಗಿ ಬೈದಿದ್ರಿ."

"ಬೈದಿರ್ತೀನಿ," ಎಂದೆ. ನನಗೆ ನೆನಪಿರಲಿಲ್ಲ. ಕೈ ನೋಡಿದೆ. ಎಡ ಮುಂಗೈಯಲ್ಲಿ ಹಳೆಯ ಗಾಯದ ಕಲೆ, ಉಗುರುಗಳ ಬುಡದಲ್ಲಿ ಇನ್ನೂ ಹಳದಿ. ಡ್ರೆಸಿಂಗ್ ಸರಿಯಾಗಿಯೇ ಆಗಿತ್ತು.

ಅವರು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಬ್ಲಾಕ್ ಮಾಡುತ್ತಿದ್ದವರು. ಈಗಿನವರಿಗೆ ಅದು ಏನೆಂದು ತಿಳಿಯದು. ಪತ್ರಿಕೆಯಲ್ಲಿ ಒಂದು ಚಿತ್ರ ಬರಬೇಕಾದರೆ ಅದನ್ನು ಮೊದಲು ಸತುವಿನ ತಗಡಿನ ಮೇಲೆ ಇಳಿಸಿ, ಆಸಿಡ್ಡಿನಲ್ಲಿ ಅದ್ದಿ, ಬೇಡದ ಜಾಗವನ್ನೆಲ್ಲ ಆಸಿಡ್ ತಿನ್ನುವಂತೆ ಬಿಡಬೇಕಿತ್ತು. ಮದುವೆ ಕಾಗದದ ಗಣಪತಿ, ಚುನಾವಣೆಯ ಚಿಹ್ನೆ, ತೀರಿಕೊಂಡವರ ಭಾವಚಿತ್ರ, ಎಲ್ಲ ಅವರ ಕೈಯಿಂದಲೇ ಹೊರಬರುತ್ತಿತ್ತು. "ಆಸಿಡ್ಡಿಗೆ ಒಂದು ನಿಮಿಷ ಜಾಸ್ತಿ ಕೊಟ್ರೆ ಗಣಪತಿ ಸೊಂಡಿಲೇ ಹೋಗುತ್ತೆ ಸಿಸ್ಟರ್," ಎನ್ನುತ್ತಿದ್ದರು.

"ಆಸಿಡ್ಡಿಗೆ ನಿಮಿಷ ಲೆಕ್ಕ ಇಡ್ತೀರಿ, ಮನುಷ್ಯರಿಗೆ ಇಡಲ್ಲ," ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ಮನುಷ್ಯರು ಕಾಯ್ತಾರೆ. ಆಸಿಡ್ ಕಾಯಲ್ಲ."

ಇಂಥ ಉತ್ತರಗಳಿಗೆ ಗ್ಯಾರೇಜಿನಲ್ಲಿ ಕುಳಿತ ಹುಡುಗರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಆಕೆಯ ಗೊಂಬೆಗಳನ್ನು ಈ ಮನುಷ್ಯ ಮೈಸೂರಿನಿಂದ ಹೊತ್ತು ತಂದಿದ್ದರು. ನವರಾತ್ರಿ ಬಂದರೆ ತಾವೇ ಮೆಟ್ಟಿಲು ಕಟ್ಟಿ ಕೂಡಿಸುತ್ತಿದ್ದರು. ಗಂಡಸು ಗೊಂಬೆ ಕೂಡಿಸುವುದು ತಪ್ಪೇನಲ್ಲ, ಆದರೆ ಕೂಡಿಸಿದ ಮೇಲೆ ಸರಿಯಾಗಿ ಕೂಡಿಸಬೇಕು. ಅವರದು ವರ್ಷ ವರ್ಷವೂ ಒಂದೇ ಜೋಡಣೆ. ಹೆಂಡತಿ ಕೊನೆಯ ಸಲ ಕೂಡಿಸಿದಾಗ ತೆಗೆದ ಫೋಟೋ ಒಂದನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಅಂಗಡಿ ಸೆಟ್ಟಿ ಎಲ್ಲಿದ್ದನೋ ಸೆಟ್ಟಿ ಅಲ್ಲೇ, ಒಂದು ದಂತ ಮುರಿದ ಅಂಬಾರಿ ಆನೆ ಎಲ್ಲಿತ್ತೋ ಅಲ್ಲೇ. ಆ ಕಾಲಕ್ಕೆ ನಮ್ಮವರಲ್ಲಿ ಸ್ಪರ್ಧೆ ಜೋರಾಗಿತ್ತು. ಒಬ್ಬರ ಮನೆಯಲ್ಲಿ ಬೆಂಗಳೂರು ಮೆಟ್ರೋ ಓಡುತ್ತಿತ್ತು, ಇನ್ನೊಬ್ಬರ ಮನೆಯಲ್ಲಿ ಕಾಂಗರೂ ಮೈಸೂರು ಪೇಟ ಸುತ್ತಿಕೊಂಡು ನಿಂತಿತ್ತು. ಹೊಸತನ ಎಂಬ ಕಾಲಮ್ಮಿನಲ್ಲಿ ನಾನು ಇವರಿಗೆ ಪ್ರತಿ ಸಲ ಸೊನ್ನೆ ಹಾಕಿದೆ. ಕಾಂಗರೂವಿಗೆ ಎಂಟು.

ಅಂಕ ಎಷ್ಟು ಬಂತೆಂದು ಅವರು ಕೇಳಿದ್ದಿಲ್ಲ. ಜನ ಬಂದರೆ ಸಾಕಿತ್ತು. ಸಮಿತಿ ಒಂದು ಬಸ್ಸು ಮಾಡಿಕೊಂಡು ಪಟ್ಟಿಯ ಪ್ರಕಾರ ಮನೆಮನೆಗೆ ಹೋಗುತ್ತಿತ್ತು, ಒಂದು ಮನೆಗೆ ಇಪ್ಪತ್ತು ನಿಮಿಷ. ಅವರ ಮನೆಯ ಸರದಿ ಬಂದಾಗ ಬಾಗಿಲಲ್ಲೇ ನಿಂತು ಎಲ್ಲರ ಕೈಗೂ ಕಡಲೆ ಉಸ್ಲಿಯ ಚರಪು ಕೊಟ್ಟು, "ಇದು ನಮ್ಮವಳ ಪಟ್ಟದ ಗೊಂಬೆ, ಇದು ನಮ್ಮವಳು ಚನ್ನಪಟ್ಟಣದಲ್ಲಿ ಚೌಕಾಸಿ ಮಾಡಿ ತಂದಿದ್ದು," ಎಂದು ಒಂದೊಂದನ್ನೂ ತೋರಿಸುತ್ತಿದ್ದರು. ವರ್ಷದಲ್ಲಿ ಆ ಇಪ್ಪತ್ತು ನಿಮಿಷ ಬಿಟ್ಟರೆ ಆ ಮನುಷ್ಯ ತಮ್ಮ ಹೆಂಡತಿಯ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ. ಇಪ್ಪತ್ತೊಂದನೆಯ ನಿಮಿಷಕ್ಕೆ ನಾನು ಸೀಟಿ ಊದುತ್ತಿದ್ದೆ.

ಇನ್ನು ಚಿತ್ರಗಳ ವಿಷಯ. ಪರ್ತ್‌ನಲ್ಲಿ, ಥಾರ್ನ್ಲಿಯ ಮಗಳ ಮನೆಯಲ್ಲಿದ್ದಾಗ, ಅಲ್ಲಿಯೇ ಯಾರದೋ ಗ್ಯಾರೇಜ್ ಸೇಲಿನಲ್ಲಿ ಅವರಿಗೆ ಒಂದು ರಟ್ಟಿನ ಫೋಲ್ಡರ್ ಸಿಕ್ಕಿತಂತೆ. ಒಳಗೆ ಹದಿನೆಂಟು ಬಿಡಿ ಹಾಳೆಗಳು, ಪ್ರತಿಯೊಂದರಲ್ಲೂ ಒಂದು ಅಂಚೆ ಕಾರ್ಡಿನಷ್ಟು ಅಗಲದ ಚಿತ್ರ. ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ದಶಕಗಟ್ಟಲೆ ನಡೆದ ಒಂದು ಯುದ್ಧವನ್ನು ಕಂಡ ಒಬ್ಬ ಚಿತ್ರಗಾರ ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್ಡಿಗೆ ಕೊಟ್ಟು ಮಾಡಿದ್ದು ಎಂದರು. ಚಿತ್ರಗಾರನ ಹೆಸರನ್ನೂ ಹೇಳಿದ್ದರು, ನಾನು ಬರೆದುಕೊಳ್ಳಲಿಲ್ಲ. ಅವರ ಹತ್ತಿರ ಇದ್ದವು ಬಹಳ ಕಾಲದ ಮೇಲೆ ಅದೇ ತಗಡುಗಳಿಂದ ತೆಗೆದ ಪ್ರತಿಗಳಂತೆ. ಕಾಗದದ ಮೇಲೆ ತಗಡಿನ ಅಂಚು ಒತ್ತಿದ ಗೆರೆಯನ್ನು ಬೆರಳಲ್ಲಿ ಸವರಿ ಹಾಗೆಂದು ತೀರ್ಮಾನಿಸಿದ್ದರು.

ಆ ಫೋಲ್ಡರು ಅವರ ಚೀಲದಲ್ಲೇ ಇರುತ್ತಿತ್ತು. ಯಾರ ಮನೆಯಲ್ಲಿ ಪಾಯಸ ಬಡಿಸುತ್ತಿದ್ದರೂ ಇವರು ಫೋಲ್ಡರ್ ಬಿಚ್ಚಿ, "ಹತ್ತಿರದಿಂದ ನೋಡಿ," ಎನ್ನುವರು. ದೂರದಿಂದ ನೋಡಿದರೆ ಜಂಬೂ ಸವಾರಿಯಂತೆಯೇ ಕಾಣುವುದು: ಸಾಲು ಸಾಲು ಸೈನಿಕರು, ಬಾವುಟ, ಕುದುರೆ. ಹತ್ತಿರದಿಂದ ಏನು ಕಾಣುತ್ತದೆಂದು ಅವರೇ ಹೇಳಿಬಿಡುತ್ತಿದ್ದರು. ಮೊದಲ ಹಾಳೆಯಲ್ಲಿ ಪರೇಡು. ನಾಲ್ಕು ಹಾಳೆ ದಾಟಿದರೆ ಅದೇ ಸೈನಿಕರು ಒಬ್ಬ ರೈತನ ಮನೆಗೆ ನುಗ್ಗಿದ್ದಾರೆ. ಆಮೇಲೆ ಸುಡುವ ಊರು. ಆಮೇಲೆ ತಪ್ಪು ಮಾಡಿದ ಸೈನಿಕರಿಗೆ ಶಿಕ್ಷೆ, ಅದೂ ಪರೇಡಿನಷ್ಟೇ ಶಿಸ್ತಾಗಿ. ಪಾಯಸ ಆರುತ್ತಿತ್ತು. ಹೆಂಗಸರು ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

"ಇದನ್ನ ಯಾಕೆ ಹೊತ್ಕೊಂಡು ತಿರುಗ್ತೀರಿ?" ಎಂದು ಒಂದು ದಿನ ಗದರಿದೆ.

"ನಮ್ಮ ಕಾಲದ ಯುದ್ಧದಲ್ಲಿ ಎಷ್ಟು ಬ್ಲಾಕ್ ಮಾಡಿದೀನಿ ಗೊತ್ತಾ ಸಿಸ್ಟರ್? ಗೆದ್ದ ಜನರಲ್‌ಗೆ ನಾಲ್ಕು ಕಾಲಮ್. ಸತ್ತ ಸಿಪಾಯಿಗೆ ಒಂದು ಕಾಲಮ್ಮು, ಅದೂ ಜಾಹೀರಾತು ಬಂದ್ರೆ ಅರ್ಧ ಕತ್ತರಿಸು ಅನ್ನೋರು. ನಾನೇ ಕತ್ತರಿಸಿದೀನಿ, ಗರಗಸದಲ್ಲಿ. ಇವನು ನೋಡಿ, ಎಲ್ಲರಿಗೂ ಒಂದೇ ಅಳತೆ ಕೊಟ್ಟಿದಾನೆ. ಕೊಲ್ಲೋನೂ ಕಡ್ಡಿಯಷ್ಟು, ಸಾಯೋನೂ ಕಡ್ಡಿಯಷ್ಟು."

ಉತ್ತರ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ, ಕಪ್ಪಿಗೆ ಸಾಸರು ಇಡದೆ ನನ್ನ ಮೇಜಿನ ಮೇಲೆ ಕಾಫಿಯ ಉಂಗುರ ಮೂಡಿಸಿದ್ದೇ ಹೆಚ್ಚಾಗಿ ಕಂಡಿತು.

ಒಂದು ಹಾಳೆಯನ್ನು ಮಾತ್ರ ನನ್ನೆದುರು ಹಿಡಿದೇ ಬಿಟ್ಟರು. ಅದರಲ್ಲಿ ಒಂದು ಆಸ್ಪತ್ರೆ, ಅದರ ಮುಂದೆ ಕೈ ಕಾಲು ಕಳೆದುಕೊಂಡ ಸೈನಿಕರು ತೆವಳುತ್ತಿದ್ದರು. ನಾನು ಕೈ ಚಾಚಿ ದೂರದಿಂದಲೇ ನೋಡಿ, "ಇಲ್ಲಿಯ ಮೇಟ್ರನ್ ಯಾರು? ರೋಗಿಗಳು ಅಂಗಳದಲ್ಲಿ ಬಿದ್ದಿದ್ದಾರೆ, ಒಂದು ಬೇಸಿನ್ ಇಲ್ಲ," ಎಂದೆ. ಅವರು ಮೊದಲ ಬಾರಿಗೆ ನಕ್ಕರು. "ಈ ಕಟ್ಟಿನಲ್ಲಿ ನಿಮ್ಮಂಥವರೂ ಒಬ್ಬರಿದ್ದಾರೆ ಸಿಸ್ಟರ್. ಬೇರೆ ಹಾಳೆಯಲ್ಲಿ. ಹತ್ತಿರದಿಂದ ನೋಡಿದ್ರೆ ಸಿಗ್ತಾರೆ."

"ನನಗೆ ಕೆಲಸ ಇದೆ," ಎಂದೆ.

2014ರ ದಸರೆಗೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಕೆಂದು ಸಮಿತಿ ತೀರ್ಮಾನಿಸಿತು. ನಮ್ಮ ಕಾರ್ಯದರ್ಶಿ ಬೆಂಗಳೂರಿನ ಹುಡುಗ, ಮಾಸನ್ ಲೇಕ್ಸ್‌ನಲ್ಲೇ ಸಾಫ್ಟ್‌ವೇರ್ ಕೆಲಸ. ಗೊಂಬೆಗಳ ಫೋಟೋ ತೆಗೆಯಲು ಅವರ ಮನೆಗೆ ಹೋದವನು, ಗೊಂಬೆಗಳು ಇನ್ನೂ ಪೆಟ್ಟಿಗೆಯಲ್ಲಿದ್ದುದರಿಂದ, ಮೇಜಿನ ಮೇಲಿದ್ದ ಒಂದು ಚಿತ್ರವನ್ನೇ ಫೋನಿನಲ್ಲಿ ಹಿಡಿದುಕೊಂಡು ಬಂದ. ಸುತ್ತ ಚಿನ್ನದ ಬಣ್ಣದ ಅಂಚು ಕೊಟ್ಟು, ನಾಲ್ಕು ಬೆರಳಗಲಕ್ಕೆ ಕುಗ್ಗಿಸಿ, ಪ್ರೂಫ್ ನನ್ನ ಮುಂದಿಟ್ಟ.

"ಬನ್ನಿ ಮರ ಆಂಟಿ! ನೋಡಿ, ಆಯುಧ ಎಲ್ಲ ಗಂಟು ಕಟ್ಟಿ ನೇತಾಕಿದಾರೆ. ಸುತ್ತ ಸೈನ್ಯ. ಫುಲ್ ರಾಯಲ್ ಲುಕ್. ಈ ಆರ್ವೋನೇ ಪ್ರಿಂಟಿಗೆ ಕಳಿಸ್ಬೇಕು."

ಮಧ್ಯಾಹ್ನಕ್ಕೆ ಈ ಊರಿನವರು ಆರ್ವೋ ಎನ್ನುತ್ತಾರೆ. ಪೂರ್ತಿ ಪದ ಹೇಳಲೂ ಇವರಿಗೆ ಪುರುಸೊತ್ತಿಲ್ಲ.

ಚಿತ್ರದ ನಡುವೆ ದೊಡ್ಡ ಮರ. ಕೊಂಬೆಗಳಿಂದ ಉದ್ದುದ್ದ ಗಂಟುಗಳು ನೇತಾಡುತ್ತಿವೆ. ಸುತ್ತ ಈಟಿ ಹಿಡಿದ ಸೈನಿಕರು. ವಿಜಯದಶಮಿಗೆ ಬನ್ನಿ ಹಂಚುವ ಮನೆಗಳಲ್ಲಿ ಹುಟ್ಟಿದ ನಮಗೆ ಇನ್ನೇನು ಹೊಳೆಯಬೇಕು? ಅಜ್ಞಾತವಾಸಕ್ಕೆ ಹೊರಟವರು ಆಯುಧಗಳನ್ನು ಕಟ್ಟಿ ಬನ್ನಿ ಮರಕ್ಕೆ ನೇತು ಹಾಕಿದ ಕತೆ ನಮ್ಮ ಮಕ್ಕಳಿಗೂ ಗೊತ್ತು. ಸಮಿತಿಯ ಐವರೂ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದರು. ಬನ್ನಿ ಮರದ ಬುಡದಲ್ಲಿ ದೊಗಲೆ ಚಡ್ಡಿಯ, ಗರಿ ಟೋಪಿಯ ಜನ ಯಾಕೆ ನಿಂತಿದ್ದಾರೆಂದು ಒಬ್ಬರೂ ಕೇಳಲಿಲ್ಲ. ಮರಕ್ಕೆ ಏಣಿ ಯಾಕೆ ಒರಗಿಸಿದೆಯೆಂದೂ ಕೇಳಲಿಲ್ಲ. ಐವರಲ್ಲಿ ಮೂವರು ಎಂಜಿನಿಯರುಗಳು.

ನಾನು ಕೆಂಪು ಪೆನ್ನು ತೆಗೆದು ಎಂದಿನಂತೆ ಹಾಳೆಯ ಅಂಚಿನಲ್ಲಿ ಗುರುತು ಹಾಕುತ್ತ ಹೋದೆ. ದಿನಾಂಕ, ಸರಿ. ವೇಳೆ, ಸರಿ. ವಿಳಾಸ, ಸರಿ. ಕಾಗುಣಿತ, ಎರಡು ತಪ್ಪು, ತಿದ್ದಿದೆ. ಚಿತ್ರ, ಇದೆ. ಕೆಳಗೆ ಸಹಿ. ಕಾರ್ಯದರ್ಶಿ ತಿದ್ದಿದ್ದನ್ನು ಫೋನಿನಲ್ಲಿ ಬರೆದುಕೊಂಡು ಹೋದ, ಹಾಳೆ ನನ್ನಲ್ಲೇ ಉಳಿಯಿತು.

ಮರುದಿನ ಅವರು ನಮ್ಮ ಮನೆಗೆ ಬಂದರು, ಮೂರು ವಾರದ ಹಿಂದೆ ಕೊಂಡೊಯ್ದ ಟಿಫಿನ್ ಕ್ಯಾರಿಯರ್ ಕೊಡಲು. ಮೇಜಿನ ಮೇಲಿದ್ದ ಪ್ರೂಫ್ ನೋಡಿ ಭೂತಗನ್ನಡಿ ತೆಗೆದರು. ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು.

"ಇದಕ್ಕೆ ನೀವು ಒಪ್ಪಿದ್ರಾ ಸಿಸ್ಟರ್? ಮೇಟ್ರನ್ ನೋಡಿ ಹೂಂ ಅಂದ್ರೆ ಮಾತ್ರ ಬಳಸ್ಕೋಬೇಕು ಅಂತ ಆ ಹುಡುಗನಿಗೆ ಹೇಳಿದ್ದೆ."

"ಸಹಿ ಇದೆಯಲ್ಲ."

"ಹತ್ತಿರದಿಂದ ನೋಡಿದ್ರಾ?"

ಮೂರು ವಾರ ತಡ ಮಾಡಿದವರು ನನ್ನ ಕೆಲಸವನ್ನು ಪ್ರಶ್ನಿಸುವುದೇ? "ಮೂವತ್ನಾಲ್ಕು ವರ್ಷದಲ್ಲಿ ನೋಡದೆ ಒಂದು ಕಾಗದಕ್ಕೂ ಸಹಿ ಹಾಕಿದವಳಲ್ಲ ನಾನು."

ಅವರು ತಲೆಯ ಮೇಲಿನ ಟೋಪಿ ತೆಗೆದರು. "ಹಬ್ಬದ ಕಾಗದದ ಮೇಲೆ ಇದನ್ನ ಹಾಕೋಕೆ ಗುಂಡಿಗೆ ಬೇಕು. ನಿಮಗಿದೆ. ಈ ಹಾಳೆ ನನಗೆ ಕೊಡ್ತೀರಾ?"

"ತಗೊಂಡು ಹೋಗಿ. ಕ್ಯಾರಿಯರಿನ ಮೂರನೇ ಬಟ್ಟಲು ಎಲ್ಲಿ?"

ಬಟ್ಟಲು ಎಲ್ಲಿದೆಯೆಂದು ಅವರಿಗೆ ತಿಳಿದಿರಲಿಲ್ಲ. ಹಾಳೆಯನ್ನು ಮಡಿಸದೆ ಫೋಲ್ಡರಿನಲ್ಲಿಟ್ಟುಕೊಂಡು ಹೋದರು. ಗುಂಡಿಗೆಯ ಮಾತು ನನಗೆ ಅರ್ಥವಾಗಲಿಲ್ಲ. ಹೊಗಳಿಕೆಯೆಂದುಕೊಂಡೆ.

ಆಮಂತ್ರಣಗಳು ಮನೆಮನೆಗೆ ಹೋದವು. ನಮ್ಮ ಮನೆಯ ಪ್ರತಿಯನ್ನು ಮೊಮ್ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅವಳಿಗೆ ಆಗ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಲು ಕುಡಿಯುತ್ತ ಅದರ ಮುಂದೆ ನಿಂತಿದ್ದವಳು ಕೇಳಿದಳು: "ಅಜ್ಜಿ, ವೈ ಆರ್ ದೇರ್ ಡೆಡ್ ಪೀಪಲ್ ಆನ್ ದ ಟ್ರೀ?"

"ಡೆಡ್ ಪೀಪಲ್ ಅಲ್ಲ ಪುಟ್ಟಿ, ಅವು ಆಯುಧ. ಬಟ್ಟೆ ಸುತ್ತಿ ಕಟ್ಟಿದ್ದಾರೆ."

"ನೋ ಅಜ್ಜಿ. ದೇ ಹ್ಯಾವ್ ಫೀಟ್."

ಕನ್ನಡಕ ಹಾಕಿಕೊಂಡು ನೋಡಿದೆ. ಪಾದಗಳಿದ್ದವು. ಅದಕ್ಕಿಂತ ಹೆಚ್ಚು ನೋಡದೆ ಕಾಗದ ಕಿತ್ತು ಡ್ರಾಯರಿನಲ್ಲಿ ಹಾಕಿದೆ. ಅಷ್ಟರಲ್ಲಿ ಬೇರೆ ಮನೆಗಳ ಮಕ್ಕಳೂ ಎಣಿಸಿ ಮುಗಿಸಿದ್ದರು. ಫೋನು ಹೊಡೆದುಕೊಳ್ಳತೊಡಗಿತು.

ಸಂಜೆ ಗ್ಯಾರೇಜಿನಲ್ಲಿ ತುರ್ತು ಸಭೆ. ಆ ದಿನ ಅವರೂ ವೇಳೆಗೆ ಸರಿಯಾಗಿ ಬಂದಿದ್ದರು.

"ಹಬ್ಬದ ಕಾಗದದ ಮೇಲೆ ಹೆಣ! ದೇವರ ಮನೇಲಿಟ್ಟು ಕುಂಕುಮ ಹಚ್ಬಿಟ್ಟಿದೀನಿ ಕಣ್ರೀ!" ಎಂದು ಒಬ್ಬಾಕೆ.

"ಮ್ಯೂಸಿಯಮ್ಮಲ್ಲಿ ಇದ್ರೆ ಫೈನ್. ನಾವೂ ಯುರೋಪ್ ಟೂರಲ್ಲಿ ನೋಡ್ಕೊಂಡು ಬಂದಿದೀವಿ. ಅದನ್ನ ಮನೆಗೆ ತರ್ತಾರಾ?" ಎಂದರು ಕಾಂಗರೂವಿಗೆ ಪೇಟ ಸುತ್ತಿದವರು.

"ಅಂಕಲ್, ನಿಮಗೆ ಒಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ?"

ಅವರು ಮೇಜಿನ ಮೇಲಿದ್ದ ಆಮಂತ್ರಣವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಚಿತ್ರ ಅಂಕಲ್ ಮನೇದು," ಎಂದ ಕಾರ್ಯದರ್ಶಿ, ತನ್ನ ಶೂಗಳನ್ನು ನೋಡುತ್ತ.

"ಸರಿ, ಪ್ರೂಫ್ ಯಾರು ನೋಡಿದ್ದು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಕಾರ್ಯದರ್ಶಿ ಶೂಗಳಿಂದ ಕಣ್ಣೆತ್ತಿ ನನ್ನ ಕಡೆ ನೋಡಿದ. ಅವರೂ ನೋಡಿದರು. ಆಮೇಲೆ ಅವರ ಕೈ ಚೀಲದೊಳಗೆ ಹೋಯಿತು. ಅದರಲ್ಲಿ ಏನಿದೆಯೆಂದು ಆ ಗ್ಯಾರೇಜಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೆಂಪು ಶಾಯಿ, ಐದು ಗುರುತು, ನನ್ನ ಸಹಿ. ನಾನು ರಿಜಿಸ್ಟರಿನ ಹೊಸ ಪುಟ ತೆರೆದು ದಿನಾಂಕ ಬರೆದೆ.

ಅವರು ಹೊರತೆಗೆದದ್ದು ಭೂತಗನ್ನಡಿ. ಅದನ್ನು ಮೇಜಿನ ನಡುವೆ, ಆಮಂತ್ರಣದ ಪಕ್ಕದಲ್ಲಿ ಇಟ್ಟರು. "ಬೈಯೋದು ಬೈಯಿರಿ. ಅದಕ್ಕೆ ಮುಂಚೆ ಒಂದ್ಸಲ ಹತ್ತಿರದಿಂದ ನೋಡಿ," ಎಂದರು.

ಅದು ಬೆಂಕಿಗೆ ಎಣ್ಣೆ ಸುರಿದಂತಾಯಿತು. ಎಲ್ಲರೂ ಒಟ್ಟಿಗೆ ಕೂಗಿಕೊಂಡರು. ಪ್ರೂಫಿನ ಮಾತು ಆ ಗದ್ದಲದಲ್ಲಿ ಮುಳುಗಿಹೋಯಿತು. ಭೂತಗನ್ನಡಿಯನ್ನು ಯಾರೂ ಮುಟ್ಟಲಿಲ್ಲ.

ನಾನು ಮೇಜು ಕುಟ್ಟಿ ಸಭೆಯನ್ನು ಹತೋಟಿಗೆ ತಂದೆ. "ಚಿತ್ರ ಇವರ ಮನೆಯಿಂದ ಬಂದಿದೆ. ಈ ವರ್ಷದ ಪಟ್ಟಿಯಿಂದ ಇವರ ಮನೆ ಕೈಬಿಡೋಣ," ಎಂದೆ. ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಹಾಗೆಯೇ ರಿಜಿಸ್ಟರಿನಲ್ಲಿ ಬರೆದೆ.

"ಗೊಂಬೆ ಕೂಡಿಸಿ ಆಗಿದೆ ಸಿಸ್ಟರ್," ಎಂದರು ಅವರು. ಬೇರೆಯವರ ಕಡೆ ತಿರುಗಲೂ ಇಲ್ಲ. "ನಲವತ್ತು ಜನಕ್ಕೆ ಆಗೋಷ್ಟು ಕಡಲೆ ತಂದಿಟ್ಟಿದೀನಿ."

"ಪಟ್ಟಿ ಟೈಪ್ ಆಗಿದೆ," ಎಂದೆ. ಆಗಿರಲಿಲ್ಲ. ಅವರು ಹೋದ ಮೇಲೆ ಕುಳಿತು ಟೈಪ್ ಮಾಡಿದೆ.

ಗೊಂಬೆ ನೋಡುವ ದಿನ ನಮ್ಮ ಬಸ್ಸು ಬ್ಲೇರ್ ಅಥಾಲ್‌ನಲ್ಲಿ ಅವರ ಮನೆಯ ಮುಂದೆಯೇ ಹೋಯಿತು. ಬೇರೆ ದಾರಿಯಿತ್ತು, ಆದರೆ ಎರಡು ಕಿಲೋಮೀಟರ್ ಸುತ್ತು. ಬಾಗಿಲು ತೆರೆದಿತ್ತು. ಹೊಸ್ತಿಲ ಮುಂದೆ ರಂಗೋಲಿ, ಗಂಡಸು ಹಾಕಿದ್ದೆಂದು ದೂರದಿಂದಲೇ ಗೊತ್ತಾಗುವಷ್ಟು ಸೊಟ್ಟ. ನಲವತ್ತು ಜೊತೆ ಚಪ್ಪಲಿಗೆಂದು ಜಗಲಿ ಖಾಲಿ ಮಾಡಿಟ್ಟಿದ್ದರು. ಒಳಗೆ ಮೆಟ್ಟಿಲುಗಳ ಮೇಲೆ ದೀಪದ ಸರ. ಪಕ್ಕದಲ್ಲಿ ಕುರ್ಚಿಯ ಮೇಲೆ ಅವರು ಶರ್ಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ನೆಟ್ಟಗೆ ಕುಳಿತಿದ್ದರು. ಬಸ್ಸಿನ ಸದ್ದಿಗೆ ಎದ್ದು ನಿಂತರು.

"ಇಲ್ಲೊಂದು ಮನೆ ಇತ್ತಲ್ಲ ಆಂಟಿ?" ಎಂದ ಬಸ್ಸು ಓಡಿಸುತ್ತಿದ್ದ ವಿದ್ಯಾರ್ಥಿ.

"ಇಲ್ಲ. ಮುಂದೆ ಹೋಗಿ."

ಆ ವರ್ಷದ ರಿಜಿಸ್ಟರಿನಲ್ಲಿ ನನ್ನ ಕೈಬರಹದಲ್ಲಿ ಹೀಗಿದೆ: "ಕಾರ್ಯಕ್ರಮ ನಿಗದಿತ ವೇಳೆಗಿಂತ ಇಪ್ಪತ್ತು ನಿಮಿಷ ಮುಂಚೆ ಮುಗಿಯಿತು."

ಮುಂದಿನ ವರ್ಷ ಅವರ ಮಗನಿಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿತು. ಗೊಂಬೆಗಳೂ ಅವರೂ ಅಲ್ಲಿಗೆ ಹೋದರು. ಪ್ರತಿ ದಸರೆಗೂ ನನಗೆ ಅಂಚೆಯಲ್ಲಿ ಒಂದು ಕಾರ್ಡು ಬರುತ್ತಿತ್ತು: "ಗೊಂಬೆ ಕೂಡಿಸಿದ್ದೇನೆ. ಬರಬಹುದು. ವೇಳೆ: ಯಾವಾಗಲಾದರೂ." ಯಾವಾಗಲಾದರೂ ಎಂಬುದು ಒಂದು ವೇಳೆಯೇ? ಕಾರ್ಡುಗಳನ್ನು ವರ್ಷವಾರು ಜೋಡಿಸಿಟ್ಟೆ, ಉತ್ತರ ಬರೆಯಲಿಲ್ಲ. ಒಂದು ನವರಾತ್ರಿ ತಂಗಿಯ ಮೊಮ್ಮಗನ ನಾಮಕರಣಕ್ಕೆ ಬ್ರಿಸ್ಬೇನಿಗೇ ಹೋಗಿದ್ದೆ. ರಸ್ತೆಯ ತುಂಬ ಜಕರಾಂಡದ ನೇರಳೆ ಹೂವು ಬಿದ್ದಿತ್ತು, ಯಾರೂ ಗುಡಿಸಿರಲಿಲ್ಲ. ಕಾರ್ಡು ನನ್ನ ಕೈಚೀಲದಲ್ಲಿತ್ತು. ತಂಗಿಯ ಮಗ ವಿಳಾಸ ನೋಡಿ, "ಹತ್ತೇ ನಿಮಿಷ ಡ್ರೈವ್ ದೊಡ್ಡಮ್ಮ, ಬಿಟ್ಟು ಬರ್ಲಾ?" ಎಂದ.

"ಅವರು ಸರಿಯಾದ ವೇಳೆ ಕೊಟ್ಟಿಲ್ಲ," ಎಂದೆ.

ಆಮೇಲೆ ಕಾರ್ಡು ಬರಲಿಲ್ಲ. ಸಂಘದ ವಾಟ್ಸಾಪಿನಲ್ಲಿ ಸುದ್ದಿ ಬಂತು, ಅದರ ಕೆಳಗೆ ಓಂ ಶಾಂತಿಗಳ ಸಾಲು. ಕುಂಕುಮ ಹಚ್ಚಿದ ಹೆಂಗಸು, ಯುರೋಪ್ ಟೂರಿನವರು, ಎಲ್ಲರೂ ಕೈ ಮುಗಿದಿದ್ದರು. "ಸರಳ ಜೀವಿ," ಎಂದು ಕಾರ್ಯದರ್ಶಿ ಬರೆದಿದ್ದ. ನಾನೂ ಕೈ ಮುಗಿಯುವ ಚಿತ್ರ ಒತ್ತಿದೆ. ಅದಕ್ಕೆ ಭೂತಗನ್ನಡಿ ಬೇಕಿರಲಿಲ್ಲ.

ನನ್ನ ಮಗ ಪರ್ತ್‌ನಲ್ಲಿದ್ದಾನೆ. ವರ್ಷಕ್ಕೊಮ್ಮೆ ಒಂದು ತಿಂಗಳು ಅಲ್ಲಿ ಇರುತ್ತೇನೆ. ಕಳೆದ ದಸರೆಯಲ್ಲಿ ಅಲ್ಲಿದ್ದಾಗ ಒಂದು ಫೋನು ಬಂತು.

"ಆಂಟಿ, ನಾನು ಅವರ ಮಗಳು, ಥಾರ್ನ್ಲಿಯಿಂದ. ಅಪ್ಪನ ಪುಸ್ತಕದಲ್ಲಿ ನಿಮ್ಮ ನಂಬರ್ ಇತ್ತು. ಗೊಂಬೆಗಳು ಈಗ ನಮ್ಮನೇಲಿವೆ. ಬರ್ತೀರಾ?"

"ಎಷ್ಟು ಗಂಟೆಗೆ?"

"ಯಾವಾಗ್ಲಾದ್ರೂ ಬನ್ನಿ ಆಂಟಿ."

ಮಗಳಿಗೂ ಅದೇ ರೋಗ. ನಾನೇ ಐದು ಗಂಟೆಯೆಂದು ನಿಗದಿ ಮಾಡಿಕೊಂಡು ಥಾರ್ನ್ಲಿಗೆ ರೈಲು ಹತ್ತಿದೆ.

ಫೋಟೋದಲ್ಲಿ ಇದ್ದ ಹಾಗೆಯೇ ಇತ್ತು: ಪಟ್ಟದ ಗೊಂಬೆ, ಸೆಟ್ಟಿ, ದಂತ ಮುರಿದ ಆನೆ. ಕೆಳಗಿನ ಮೆಟ್ಟಿಲಲ್ಲಿ ಮಾತ್ರ ಎರಡು ಹೊಸ ವಸ್ತುಗಳು. ಹಿತ್ತಾಳೆಯ ಚೊಂಬಿಗೆ ಒರಗಿಸಿದ್ದ ಆ ಮರದ ಚಿತ್ರ, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನನ್ನ ಪ್ರೂಫ್ ಹಾಳೆ. ಕೆಂಪು ಶಾಯಿ ಸ್ವಲ್ಪ ಮಾಸಿತ್ತು.

"ಬ್ರಿಸ್ಬೇನ್‌ಗೆ ಹೋದಾಗಿಂದ ಅಪ್ಪ ಪ್ರತಿ ವರ್ಷ ಇದನ್ನ ಇಡ್ತಿದ್ರು," ಎಂದರು ಮಗಳು. "ಯಾರಾದ್ರೂ ಕೇಳಿದ್ರೆ, ಈ ಚಿತ್ರ ನೋಡಿಯೂ ಹಬ್ಬದ ಕಾಗದಕ್ಕೆ ಸರಿ ಅಂದವರು ಒಬ್ಬರೇ, ಇದು ಅವರ ಸಹಿ, ಅನ್ನೋರು. ಆ ಮೀಟಿಂಗಲ್ಲಿ ಇದನ್ನ ಯಾಕೆ ತೋರಿಸಲಿಲ್ಲ ಅಂತ ನಾನು ಜಗಳ ಆಡಿದೀನಿ. ಅವರಾಗೇ ಹೇಳಬೇಕು, ನಾನು ಎಳೆದು ಹೇಳಿಸಿದ್ರೆ ಏನು ಬಂತು ಅಂದ್ರು." ನನ್ನ ಕಡೆ ತಿರುಗಿ ಕೇಳಿದರು, "ನೀವು ನೋಡೇ ಸಹಿ ಹಾಕಿದ್ರಾ ಆಂಟಿ?"

ನಾನು ನೋಡಿದ್ದೇನೆಂದು ಆ ಮನುಷ್ಯ ಕೊನೆಯವರೆಗೂ ನಂಬಿದ್ದರೆ ಅವರಂಥ ದಡ್ಡರು ಇನ್ನೊಬ್ಬರಿಲ್ಲ. ನಂಬದೆಯೇ ಹಾಗೆ ಹೇಳಿಕೊಂಡು ಬಂದಿದ್ದರೆ, ಆರು ವರ್ಷ ಅಂಕ ಹಾಕುತ್ತಿದ್ದ ನಾನು ಅವರನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕಿತ್ತೋ ತಿಳಿಯದು.

"ಇಲ್ಲ," ಎಂದೆ. "ಭೂತಗನ್ನಡಿ ಇದೆಯಾ?"

ಇತ್ತು. ಅಂಚಿನಲ್ಲಿ ಸೀಳು ಬಿಟ್ಟಿತ್ತು. ನೆಲದ ಮೇಲೆ ಕುಳಿತು, ಚಿತ್ರಕ್ಕೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದೆ. ನೇತಾಡುವವರಿಗೆ ಪಾದಗಳಲ್ಲದೆ ಮುಖಗಳೂ ಇದ್ದವು, ಸಾಸಿವೆಗಿಂತ ಚಿಕ್ಕವು, ಒಂದರ ಹಾಗೆ ಇನ್ನೊಂದಿಲ್ಲ. ಏಣಿಯ ಮೇಲೆ ಒಬ್ಬ, ಅವನ ಕೊರಳಿಗೆ ಹಗ್ಗ ಬಿದ್ದಾಗಿತ್ತು. ಏಣಿಯ ಕೆಳಗೆ ಕೈ ಕಟ್ಟಿಸಿಕೊಂಡು ಸರದಿಗೆ ನಿಂತವರು. ಅವರ ಪಕ್ಕದಲ್ಲಿ, ಸ್ವಲ್ಪ ದೂರಕ್ಕೆ, ಈಟಿಯಾಗಲಿ ಕತ್ತಿಯಾಗಲಿ ಇಲ್ಲದೆ ಒಬ್ಬ ನಿಂತಿದ್ದ. ಬೆನ್ನು ನೆಟ್ಟಗೆ, ಬಟ್ಟೆ ಒಪ್ಪ, ಕೈಯಲ್ಲಿ ಒಂದು ಹಾಳೆ. ಮರದ ಕಡೆ ನೋಡುತ್ತಿರಲಿಲ್ಲ. ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ.

ಕಟ್ಟಿನಲ್ಲಿ ನಿಮ್ಮಂಥವರೂ ಒಬ್ಬರಿದ್ದಾರೆ ಎಂದಿದ್ದರಲ್ಲ, ಸಿಕ್ಕರು.

ಮಗಳ ಹತ್ತಿರ ಪೆನ್ನು ಕೇಳಿ ಪಡೆದೆ. ಹಾಳೆಯನ್ನು ಕವರಿನಿಂದ ತೆಗೆದು, "ಚಿತ್ರ, ಇದೆ" ಎಂದಿದ್ದಲ್ಲಿ "ಇದೆ" ಹೊಡೆದು ಹಾಕಿ "ನೋಡದೆ ಸಹಿ ಹಾಕಿದ್ದೆ, ಇಂದು ನೋಡಿದೆ" ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಇದ್ದಲ್ಲೇ ಇಟ್ಟೆ. ಮಗಳು ಚರಪು ಕೊಟ್ಟರು. ಉಪ್ಪು ಕಡಿಮೆಯಿತ್ತು. ಮುಗಿಸಿ ಇನ್ನೊಂದು ಸಲ ಹಾಕಿಸಿಕೊಂಡೆ.

ಸಂಚಿಕೆಯ ಸಂಪಾದಕರಿಗೆ: ಬರಹದ ಜೊತೆ ಹಾಕಲು ಅವರ ಭಾವಚಿತ್ರ ಕೇಳಿದ್ದೀರಿ. ಅದರ ಬದಲು ಮರದ ಚಿತ್ರವನ್ನು ಕಳಿಸುತ್ತಿದ್ದೇನೆ, ಮಗಳ ಒಪ್ಪಿಗೆಯಿದೆ. ಚಿನ್ನದ ಅಂಚು ಬೇಡ. ನಾಲ್ಕು ಬೆರಳಿಗೆ ಕುಗ್ಗಿಸಬೇಡಿ, ಪುಟ ತುಂಬ ಹಾಕಿ. ಪ್ರೂಫ್ ನನಗೇ ಕಳಿಸಿ.